ರೆಡ್ ಅಲರ್ಟ್ ಅಂದ್ರೆ ನಾನೀಗ ಎಂತ ಮಾಡ್ಬೇಕು?

ಇವತ್ತು ಯಾವ ಪಕ್ಷದ ಜಗಳವೂ ಇಲ್ಲ, ಯಾವ ನಾಯಕರ ಮುನಿಸೂ ಇಲ್ಲ. ಇವತ್ತು ಒಬ್ಬ ಅಜ್ಜಿ ಕೇಳಿದ ಪ್ರಶ್ನೆ ಇದೆ. ಅವತ್ತಿನಿಂದ ಅದು ನನ್ನ ತಲೆಯಲ್ಲೇ ಕೂತಿದೆ.

2024ರ ಜುಲೈ. ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಇನ್ನೂ ವಾರವಾಗಿರಲಿಲ್ಲ. ನಾನು ಬೆಳಗ್ಗಿನ ಬುಲೆಟಿನ್‌ನಲ್ಲಿದ್ದೆ. ಸ್ಕ್ರೀನ್ ತುಂಬಾ ಕೆಂಪು ಬಣ್ಣ, ಹಿಂದೆ ಢಣ್ ಢಣ್ ಅನ್ನೋ ಮ್ಯೂಸಿಕ್, ಮಧ್ಯದಲ್ಲಿ ನಾನು. "ಕರಾವಳಿಗೆ ರೆಡ್ ಅಲರ್ಟ್! ರೆಡ್ ಅಲರ್ಟ್!" ಅಂತ ಎಷ್ಟು ಸಲ ಹೇಳಿದೆನೋ ಲೆಕ್ಕ ಇಟ್ಟಿಲ್ಲ. ಮಧ್ಯೆ ಮಧ್ಯೆ ಫೋನ್ ಕರೆ ತಗೋತಾ ಇದ್ವಿ. ಕರಾವಳಿಯ ಕರೆ ಅಂದ್ರೆ ಸಾಮಾನ್ಯವಾಗಿ ಒಂದೇ ಪ್ರಶ್ನೆ: "ಸಾರ್, ನಾಳೆ ಶಾಲೆಗೆ ರಜೆ ಉಂಟಾ?" ಅಂದು ಬಂದ ಕರೆ ಬೇರೆ ಇತ್ತು. ಕುಂದಾಪುರದ ಕಡೆಯ ಒಂದು ಹಳ್ಳಿ. ವಯಸ್ಸಾದ ದನಿ.

"ಬೆಳಿಗ್ಗೆಯಿಂದ ಕೆಂಪು ಕೆಂಪು ಅಂತ ಹೇಳ್ತಾ ಇದ್ದಿ ಮಗಾ. ಹೌದು, ಮಳೆ ಜೋರುಂಟು, ಅದು ನಂಗೂ ಕಾಣ್ತದೆ. ಮನೆ ಹಿಂದೆ ಧರೆ ಉಂಟು. ಮನೆಯಲ್ಲಿ ನಾನು, ಮೊಮ್ಮಗಳು, ಇಬ್ಬರೇ. ನಾನೀಗ ಎಂತ ಮಾಡ್ಬೇಕು, ಅದನ್ನು ಹೇಳು."

"ಎಚ್ಚರಿಕೆಯಿಂದ ಇರಿ ಅಮ್ಮ, ಸುರಕ್ಷಿತ ಜಾಗಕ್ಕೆ ಹೋಗಿ" ಅಂದೆ ನಾನು. "ಸುರಕ್ಷಿತ ಜಾಗ ಅಂದ್ರೆ ಯಾವುದು?" ಅಂದರು. ಅಷ್ಟರಲ್ಲಿ ಲೈನ್ ಕಟ್ಟಾಯ್ತು. ನಿಜ ಹೇಳ್ತೀನಿ, ಕಟ್ಟಾಗಿದ್ದು ನನ್ನ ಪುಣ್ಯ. ನನ್ನ ಹತ್ತಿರ ಉತ್ತರ ಇರಲಿಲ್ಲ. ಬಯಲುಸೀಮೆಯಲ್ಲಿ ಹುಟ್ಟಿ, ಬೆಂಗಳೂರಿನ ಏಸಿ ಸ್ಟುಡಿಯೋದಲ್ಲಿ ಕೂತವನಿಗೆ ಧರೆ ಅಂದ್ರೆ ಏನು ಅನ್ನೋದೇ ಸರಿಯಾಗಿ ಗೊತ್ತಿರಲಿಲ್ಲ. ಮನೆ ಕಟ್ಟೋಕೆ, ರಸ್ತೆ ಮಾಡೋಕೆ ಗುಡ್ಡವನ್ನು ಕಡಿದಾಗ ಹಿಂದೆ ಗೋಡೆಯ ಹಾಗೆ ನಿಲ್ಲುತ್ತಲ್ಲ ಮಣ್ಣಿನ ಮೈ, ಅದು ಧರೆ. ಕರಾವಳಿಯಲ್ಲಿ ಹತ್ತು ಮನೆ ನೋಡಿದರೆ ಒಂದೆರಡಕ್ಕಾದರೂ ಹಿಂದೆ ಧರೆ ಇರುತ್ತೆ.

ಸಂಜೆ ನಮ್ಮ ಡೆಸ್ಕ್‌ನವರಿಂದ ನಂಬರ್ ತಗೊಂಡು ವಾಪಸ್ ಫೋನ್ ಮಾಡಿದೆ. ಅಜ್ಜಿ, ಮೊಮ್ಮಗಳು ಆ ರಾತ್ರಿಗೆ ಪಕ್ಕದ ಮನೆಗೆ ಹೋಗ್ತಾರೆ ಅಂತಾಯ್ತು. ಆಮೇಲೆ ನಾನು ಅವರ ಪ್ರಶ್ನೆ ಹಿಡಿದುಕೊಂಡು ಹವಾಮಾನದವರ ಹತ್ತಿರ, ಲೈನ್‌ಮ್ಯಾನ್‌ಗಳ ಹತ್ತಿರ, ಪಂಚಾಯಿತಿಯವರ ಹತ್ತಿರ, ಮೀನುಗಾರರ ಹತ್ತಿರ ಹೋದೆ. ಅಲ್ಲಿ ಕಲಿತಿದ್ದನ್ನ ಇವತ್ತು ಹೇಳ್ತೀನಿ.

ಮೊದಲು ಈ ಬಣ್ಣದ ವಿಷಯ. ಹವಾಮಾನ ಇಲಾಖೆಯ ನಾಲ್ಕು ಬಣ್ಣಕ್ಕೂ ಒಂದೊಂದು ಅರ್ಥ ಇದೆ. ಹಸಿರು ಅಂದ್ರೆ ಏನೂ ಇಲ್ಲ. ಹಳದಿ ಅಂದ್ರೆ ಗಮನ ಇಟ್ಟಿರಿ. ಆರೆಂಜ್ ಅಂದ್ರೆ ತಯಾರಾಗಿ. ಕೆಂಪು ಅಂದ್ರೆ ಮಾಡಬೇಕಾದ್ದನ್ನ ಮಾಡಿ. ಗಮನಿಸಿ, ತಯಾರಾಗೋದು ಆರೆಂಜ್‌ನಲ್ಲಿ. ನಾವು ಚಾನೆಲ್‌ನವರು ಆರೆಂಜ್ ಇದ್ದಾಗ ಕೆಳಗೆ ಒಂದು ಪಟ್ಟಿ ಓಡಿಸಿ ಸುಮ್ಮನಾಗ್ತೀವಿ, ಕೆಂಪು ಬಂದ ಮೇಲೆ ಕೂಗ್ತೀವಿ. ಕೆಂಪು ಬಂದ ಮೇಲೆ ಟಾರ್ಚ್ ಸೆಲ್ ಹುಡುಕೋಕೆ ಹೊರಟರೆ ತಡವಾಯ್ತು ಅಂತಲೇ ಲೆಕ್ಕ. ತಪ್ಪು ನಮ್ಮದೂ ಇದೆ.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಹವಾಮಾನ ಇಲಾಖೆಯ ಮಳೆಯ ದಿನ ರಾತ್ರಿ ಹನ್ನೆರಡಕ್ಕೆ ಶುರುವಾಗಲ್ಲ. ಬೆಳಗ್ಗೆ 8.30ಕ್ಕೆ ಶುರುವಾಗಿ ಮರುದಿನ ಬೆಳಗ್ಗೆ 8.30ಕ್ಕೆ ಮುಗಿಯುತ್ತೆ. ಹಾಗಾಗಿ "ಇವತ್ತು ರೆಡ್ ಅಲರ್ಟ್ ಅಂದ್ರು, ಸಂಜೆವರೆಗೆ ಬಿಸಿಲು, ಎಲ್ಲ ಸುಳ್ಳು" ಅಂತ ಮಲಗಿಬಿಟ್ಟರೆ, ಆ ಅಲರ್ಟ್‌ನ ಅರ್ಧ ಪಾಲು ಇನ್ನೂ ಬಾಕಿ ಇರುತ್ತೆ. ಅದೂ ರಾತ್ರಿಯ ಪಾಲು. ಜೊತೆಗೆ ಈ ಬಣ್ಣ ಇಡೀ ಜಿಲ್ಲೆಗೆ ಒಂದೇ. ಸಮುದ್ರದ ಪಕ್ಕದ ಉಳ್ಳಾಲಕ್ಕೂ ಚಾರ್ಮಾಡಿ ಘಾಟಿಯ ಬುಡದ ಊರಿಗೂ ಒಂದೇ ಕೆಂಪು. ನಿಮ್ಮ ಮನೆ ಹಿಂದಿನ ಧರೆ ಯಾವ ಬಣ್ಣದಲ್ಲಿದೆ ಅಂತ ಹವಾಮಾನ ಇಲಾಖೆಗೆ ಗೊತ್ತಿರಲ್ಲ. ಅದನ್ನ ನೀವೇ ನೋಡಬೇಕು.

ಈಗ ಮಿಲಿಮೀಟರ್. 24 ಗಂಟೆಯಲ್ಲಿ 64.5 ಮಿಲಿಮೀಟರ್ ದಾಟಿದರೆ ಭಾರಿ ಮಳೆ, 115.6 ದಾಟಿದರೆ ಅತಿ ಭಾರಿ, 204.5 ದಾಟಿದರೆ ಅತ್ಯಂತ ಭಾರಿ. ಇದನ್ನ ನಾನು ಎಷ್ಟೋ ಸಲ ಓದಿದ್ದೀನಿ, ಅದರ ಭಾರ ಎಷ್ಟು ಅಂತ ಯೋಚಿಸಿರಲೇ ಇಲ್ಲ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಸಾವಿರ ಚದರ ಅಡಿಯ ಮಾಡಿನ ಮೇಲೆ 204.5 ಮಿಲಿಮೀಟರ್ ಮಳೆ ಬಿತ್ತು ಅಂದುಕೊಳ್ಳಿ. ಸುಮಾರು 19 ಸಾವಿರ ಲೀಟರ್. 6 ಸಾವಿರ ಲೀಟರಿನ ಟ್ಯಾಂಕರ್ ಮೂರು ಬಂದು ನಿಮ್ಮ ಮಾಡಿನ ಮೇಲೆ ಸುರಿದ ಹಾಗೆ. ಇದು ಬರೀ ಮಾಡಿನದು. ಅಂಗಳದ್ದು, ಹಿಂದಿನ ಗುಡ್ಡದ್ದು ಬೇರೆ. ಆ ನೀರೆಲ್ಲ ಎಲ್ಲಿಗೆ ಹೋಗುತ್ತೆ? ಅಲ್ಲೇ ಇರೋದು ವಿಷಯ.

ಚಂಡಮಾರುತಕ್ಕೆ ಹೆಸರಿರುತ್ತೆ. 2021ರ ಮೇ ತಿಂಗಳಲ್ಲಿ ತೌಕ್ತೆ ಬಂದಾಗ ಆ ಹೆಸರನ್ನ ಹೇಗೆ ಉಚ್ಚರಿಸೋದು ಅಂತ ನಮ್ಮ ನ್ಯೂಸ್‌ರೂಮ್‌ನಲ್ಲಿ ಅರ್ಧ ಗಂಟೆ ಚರ್ಚೆ ಆಗಿತ್ತು. ಮ್ಯಾನ್ಮಾರ್‌ನವರು ಇಟ್ಟ ಹೆಸರು, ಹಲ್ಲಿ ಜಾತಿಯ ಒಂದು ಪ್ರಾಣಿಯದಂತೆ. ಹೆಸರಿದ್ದರೆ ಕ್ಯಾಮೆರಾ ಹೋಗುತ್ತೆ, ಮಂತ್ರಿಗಳು ಹೋಗ್ತಾರೆ. ಆದರೆ ಕರಾವಳಿಯಲ್ಲಿ ಜೀವ ಹೋಗೋದು ಬಹುಪಾಲು ಹೆಸರಿಲ್ಲದ ದಿನಗಳಲ್ಲಿ. 2024ರ ಜೂನ್ 26, ಉಳ್ಳಾಲ ಹತ್ತಿರದ ಮದನಿನಗರ. ಪಕ್ಕದ ಮನೆಯ ಕಾಂಪೌಂಡ್ ಗೋಡೆ ಬೆಳಗಿನ ಜಾವ ಮನೆ ಮೇಲೆ ಬಿತ್ತು. ಒಂದೇ ಕುಟುಂಬದ ನಾಲ್ವರು ಹೋದರು. ಅದರ ಬೆನ್ನಲ್ಲೇ ಮಂಗಳೂರು ಪೇಟೆಯೊಳಗೆ ಕರೆಂಟ್ ತಂತಿ ತಗುಲಿ ಇಬ್ಬರು ಆಟೋ ಚಾಲಕರು ತೀರಿಕೊಂಡರು. ಒಬ್ಬರನ್ನ ಉಳಿಸಲು ಹೋದ ಇನ್ನೊಬ್ಬರೂ ಉಳಿಯಲಿಲ್ಲ. 2022ರ ಆಗಸ್ಟ್‌ನಲ್ಲಿ ಬೈಂದೂರು ತಾಲೂಕಿನ ಕಾಲ್ತೋಡಿನಲ್ಲಿ ಶಾಲೆಯಿಂದ ಬರ್ತಿದ್ದ ಎರಡನೇ ಕ್ಲಾಸಿನ ಹುಡುಗಿ ಕಾಲುಸಂಕದಿಂದ ಜಾರಿ ನೀರಿಗೆ ಬಿದ್ದಳು. 2025ರ ಮೇ 30ರಂದು ಮಂಜನಾಡಿಯ ಮೊಂಟೆಪದವಿನಲ್ಲಿ ಮನೆ ಮೇಲೆ ಗುಡ್ಡ ಜರಿದು ಅಜ್ಜಿ, ಇಬ್ಬರು ಮೊಮ್ಮಕ್ಕಳು ಹೋದರು.

ಗೋಡೆ, ತಂತಿ, ತೋಡು, ಧರೆ. ಇವು ಯಾವುವೂ ದೂರದ ಸಮುದ್ರದಿಂದ ಬಂದಿದ್ದಲ್ಲ. ಎಲ್ಲ ಮನೆಯ ಸುತ್ತಲೇ ಇದ್ದವು.

ಧರೆಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಕರಾವಳಿಯ ಗುಡ್ಡದ ಮೇಲ್ಭಾಗ ಮುರಕಲ್ಲು, ಗಟ್ಟಿ. ಅದರ ಕೆಳಗೆ ಬಹಳ ಕಡೆ ಒಂದು ನುಣ್ಣನೆಯ ಮಣ್ಣಿರುತ್ತೆ, ಬಿಳಿ ಅಥವಾ ಹಳದಿ, ಕೆಲವು ಕಡೆ ಗುಲಾಬಿ ಬಣ್ಣದ್ದು. ಊರವರು ಶೇಡಿ ಮಣ್ಣು ಅಂತಾರೆ. ಒಣಗಿದ್ದಾಗ ಕಲ್ಲಿನ ಹಾಗೆ ನಿಂತಿರುತ್ತೆ. ಬೇಸಿಗೆಯಲ್ಲಿ ಜೆಸಿಬಿ ತಂದು ಕಡಿದಾಗ "ಆಹಾ, ಎಷ್ಟು ನೇರವಾಗಿ ನಿಂತಿದೆ" ಅಂತ ಮೇಸ್ತ್ರಿಯೂ ಖುಷಿ, ಮನೆಯವರೂ ಖುಷಿ. ಜೂನ್ ಬಂತು, ಜುಲೈ ಬಂತು, ನೀರು ಇಳೀತಾ ಇಳೀತಾ ಅದೇ ಮಣ್ಣು ಬೆಣ್ಣೆಯ ಹಾಗಾಗುತ್ತೆ. ಮೇಲಿನ ಮುರಕಲ್ಲಿನ ಭಾರ ಹೊರೋಕೆ ಆಗಲ್ಲ. ಅದಕ್ಕೇ ಮೊದಲ ಮಳೆಗೆ ನಿಂತ ಧರೆ ಹತ್ತನೇ ಮಳೆಗೆ ಬೀಳೋದು. ಒಂದು ದಿನದ ಜೋರು ಮಳೆಗಿಂತ ನಾಲ್ಕೈದು ದಿನ ಬಿಡದೆ ಸುರಿದ ಮೇಲೆ ಬರುವ ಜೋರು ಮಳೆ ಹೆಚ್ಚು ಅಪಾಯ.

ಬೀಳೋ ಮೊದಲು ಧರೆ ಹಲವು ಸಲ ಸೂಚನೆ ಕೊಡುತ್ತೆ. ಮೇಲೆ ನೆಲದಲ್ಲಿ ಹೊಸ ಬಿರುಕು. ನೆಟ್ಟಗಿದ್ದ ಮರ, ಕಂಬ ವಾಲೋದು. ಮೊದಲು ನೀರು ಬರದಿದ್ದ ಜಾಗದಿಂದ ಕೆಸರು ನೀರು ಚಿಮ್ಮೋದು. ಸಣ್ಣ ಸಣ್ಣ ಕಲ್ಲು, ಮಣ್ಣು ಉದುರೋದು. ಮನೆಯ ಬಾಗಿಲು ಇದ್ದಕ್ಕಿದ್ದಂತೆ ಹಾಕೋಕೆ ಬಾರದೆ ಹಿಡಿದುಕೊಳ್ಳೋದು. ಇದರಲ್ಲಿ ಒಂದನ್ನ ಕಂಡರೂ ಆಫೀಸರ್ ಬಂದು ನೋಡಲಿ ಅಂತ ಕಾಯಬೇಡಿ. ಮನೆ ಬಿಡಿ, ಆಮೇಲೆ ಫೋನ್ ಮಾಡಿ. ಏನೂ ಕಾಣದಿದ್ದರೂ, ಆರೆಂಜ್ ಅಥವಾ ಕೆಂಪು ಇದ್ದ ರಾತ್ರಿ ಧರೆಗೆ ತಾಗಿದ ಕೋಣೆಯಲ್ಲಿ ಮಲಗಬೇಡಿ. ಎದುರಿನ ಜಗಲಿಗೆ ಚಾಪೆ ತನ್ನಿ. ಮಣ್ಣು ಬಂದಾಗ ಮೊದಲು ತುಂಬೋದು ಹಿಂದಿನ ಕೋಣೆ. ಜಗಲಿಯಲ್ಲಿ ಮಲಗಿದರೆ ಎಲ್ಲ ಆಯ್ತು ಅಂತಲ್ಲ. ಧರೆ ಎತ್ತರವಾಗಿದ್ದರೆ, ಮನೆಗೆ ಹತ್ತಿರವಿದ್ದರೆ ಆ ರಾತ್ರಿ ಮನೆಯಲ್ಲೇ ಇರಬಾರದು.

ಅಜ್ಜಿ ಕೇಳಿದ "ಸುರಕ್ಷಿತ ಜಾಗ" ಯಾವುದು ಅನ್ನೋದಕ್ಕೆ ಉತ್ತರ ಇದೇ. ಅದು ಸರ್ಕಾರದ ಕಾಳಜಿ ಕೇಂದ್ರವೇ ಆಗಬೇಕಿಲ್ಲ. ಹಿಂದೆ ಧರೆ ಇಲ್ಲದ, ಮೇಲೆ ದೊಡ್ಡ ಮರ ಇಲ್ಲದ, ತೋಡಿನ ಪಕ್ಕ ಅಲ್ಲದ ಒಂದು ಮನೆ. ನಿಮ್ಮೂರಿನಲ್ಲೇ ಇರುತ್ತೆ. ಅದು ಯಾರ ಮನೆ ಅಂತ ಮೇ ತಿಂಗಳಲ್ಲೇ ಮಾತಾಡಿಟ್ಟುಕೊಳ್ಳಬೇಕು. ರಾತ್ರಿ ಎರಡು ಗಂಟೆಗೆ ಮಳೆಯಲ್ಲಿ ನೆನೆದುಕೊಂಡು ಬಾಗಿಲು ತಟ್ಟೋಕೆ ಎಷ್ಟೋ ಜನಕ್ಕೆ ಸಂಕೋಚ. ಆ ಸಂಕೋಚದಲ್ಲೇ ಜೀವ ಹೋಗಿರೋದುಂಟು. "ಮಳೆ ಜೋರಾದ್ರೆ ಬರ್ತೇವೆ ಮಾರಾಯ್ರೆ" ಅಂತ ಮೊದಲೇ ಒಂದು ಮಾತು ಹೇಳಿಟ್ಟರೆ ಮುಗೀತು.

ಇನ್ನು ಕಾಂಪೌಂಡ್ ಗೋಡೆ. ಎತ್ತರದ ಜಾಗದವರು ಕಟ್ಟುತ್ತಾರೆ, ತಗ್ಗಿನವರ ಮೇಲೆ ಬೀಳುತ್ತೆ. ಗೋಡೆ ಬೀಳೋದು ಬರೀ ಮಣ್ಣಿನ ಭಾರಕ್ಕಲ್ಲ, ಹಿಂದೆ ನಿಂತ ನೀರಿನ ಒತ್ತಡಕ್ಕೆ. ಗೋಡೆಯ ಬುಡದಲ್ಲಿ, ನಡುವಿನಲ್ಲಿ ನೀರು ಹೋಗೋಕೆ ಪೈಪ್ ಇಟ್ಟಿದ್ದರೆ ಅರ್ಧ ಒತ್ತಡ ಅಲ್ಲೇ ಇಳಿಯುತ್ತೆ. ಇಟ್ಟ ಪೈಪೂ ಮಣ್ಣು, ಎಲೆ ಕಟ್ಟಿಕೊಂಡು ಮುಚ್ಚಿಹೋಗಿರುತ್ತೆ. ಮಳೆಗಾಲಕ್ಕೆ ಮೊದಲು ಒಂದು ಕಬ್ಬಿಣದ ಸರಳು ಹಾಕಿ ಬಿಡಿಸೋಕೆ ಹತ್ತು ನಿಮಿಷ ಸಾಕು. ಗೋಡೆ ಹೊಟ್ಟೆ ಬಿಟ್ಟ ಹಾಗೆ ಉಬ್ಬಿದ್ದರೆ ಪಂಚಾಯಿತಿಗೆ, ನಗರದಲ್ಲಾದರೆ ಪಾಲಿಕೆಗೆ ಬರವಣಿಗೆಯಲ್ಲಿ ಕೊಡಿ, ಫೋಟೊ ಸಮೇತ. ನೆರೆಯವರ ಜೊತೆ ಮನಸ್ತಾಪ ಆಗಬಹುದು. ಆಗಲಿ ಬಿಡಿ.

ಧರೆ ಬರೀ ಮನೆಯ ಹಿಂದೆ ಇಲ್ಲ, ಹೆದ್ದಾರಿಯ ಪಕ್ಕದಲ್ಲೂ ಇದೆ. 2024ರ ಜುಲೈ 16, ಬೆಳಗಿನ ಹೊತ್ತು. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಶಿರೂರಿನ ಗುಡ್ಡ ರಸ್ತೆ ದಾಟಿ ಗಂಗಾವಳಿ ನದಿಗೆ ಬಿತ್ತು. ರಸ್ತೆ ಬದಿಯ ಚಹಾ ಅಂಗಡಿ, ಅಲ್ಲಿ ಚಹಾಕ್ಕೆ ನಿಂತವರು, ಲಾರಿ, ಗ್ಯಾಸ್ ಟ್ಯಾಂಕರ್ ಎಲ್ಲ ಹೋಯ್ತು. ನದಿಗೆ ಬಿದ್ದ ಮಣ್ಣಿನ ರಭಸಕ್ಕೆ ನೀರು ಎದ್ದು ಆಚೆ ದಡದ ಉಳುವರೆಯ ಮನೆಗಳಿಗೂ ಬಡಿಯಿತು. ಕೇರಳದ ಲಾರಿ ಚಾಲಕನೊಬ್ಬನ ಲಾರಿ ನದಿಯಿಂದ ಮೇಲೆ ಬಂದಿದ್ದು ಸೆಪ್ಟೆಂಬರ್ ಕೊನೆಯಲ್ಲಿ. ಎರಡು ತಿಂಗಳ ಮೇಲೆ! ಇದೇ ಜಿಲ್ಲೆಯಲ್ಲಿ, ಕಾರವಾರದ ಕಡವಾಡದಲ್ಲಿ, 2009ರ ಅಕ್ಟೋಬರ್ 2ರಂದು ಗುಡ್ಡ ಕುಸಿದು 19 ಜನ ಸತ್ತಿದ್ದರು. ಅದು ನಮಗೆ ಮರೆತೇ ಹೋಗಿತ್ತು. ಹಾಗಾಗಿ ಬೆಂಗಳೂರಿನಿಂದ, ಹುಬ್ಬಳ್ಳಿಯಿಂದ ಕರಾವಳಿಗೆ ಕಾರಿನಲ್ಲಿ ಹೋಗೋರಿಗೆ ಒಂದು ಮಾತು. ಜೋರು ಮಳೆಯಲ್ಲಿ ಕಡಿದ ಗುಡ್ಡದ ಬುಡದಲ್ಲಿ ಗಾಡಿ ನಿಲ್ಲಿಸಬೇಡಿ. ಚಹಾಕ್ಕೂ ಬೇಡ, ಸೆಲ್ಫಿಗೂ ಬೇಡ. ರಸ್ತೆ ಮೇಲೆ ಹೊಸ ಮಣ್ಣು, ಕಲ್ಲು ಬಿದ್ದಿದ್ದರೆ ಪಕ್ಕದಲ್ಲಿ ನುಗ್ಗಿಸಿಕೊಂಡು ಹೋಗೋ ಸಾಹಸ ಬೇಡ, ಹಿಂದೆ ತಿರುಗಿ.

ತಂತಿಯ ವಿಷಯಕ್ಕೆ ಬರೋಣ. ಗಾಳಿ ಮಳೆಗೆ ಕೊಂಬೆ ಬಿದ್ದು ತಂತಿ ತುಂಡಾಗೋದು ಅಲ್ಲಿ ದಿನದ ಮಾತು. ಕರೆಂಟ್ ಹೋಗಿದೆ, ಹಾಗಾಗಿ ತಂತಿಯಲ್ಲಿ ಏನೂ ಇಲ್ಲ ಅಂತ ಅಂದುಕೊಳ್ಳೋದೇ ದೊಡ್ಡ ತಪ್ಪು. ಇನ್ನೊಂದು ಕಡೆಯಿಂದ ಬರ್ತಿರಬಹುದು, ಯಾರದೋ ಜನರೇಟರ್‌ನಿಂದ ವಾಪಸ್ ಬರ್ತಿರಬಹುದು. ಒದ್ದೆ ನೆಲದಲ್ಲಿ ತಂತಿ ಮುಟ್ಟಬೇಕಂತಲೇ ಇಲ್ಲ, ಹತ್ತಿರ ಹೋದರೂ ನೆಲದಿಂದಲೇ ಕಾಲಿಗೆ ಹರಿಯುತ್ತೆ. ಕನಿಷ್ಠ ಹತ್ತು ಮೀಟರ್ ದೂರ ನಿಲ್ಲಿ. ಗೊತ್ತಿಲ್ಲದೆ ಹತ್ತಿರ ಹೋಗಿಬಿಟ್ಟಿದ್ದರೆ ದೊಡ್ಡ ಹೆಜ್ಜೆ ಹಾಕಿ ಓಡಬೇಡಿ. ಎರಡೂ ಪಾದ ಜೋಡಿಸಿಕೊಂಡು, ನೆಲ ಬಿಡದೆ, ಸಣ್ಣಗೆ ಸರಿದುಕೊಂಡು ಹಿಂದೆ ಬನ್ನಿ. 1912ಕ್ಕೆ ಫೋನ್ ಮಾಡಿ. ನಿಮ್ಮ ಊರಿನ ಲೈನ್‌ಮ್ಯಾನ್ ನಂಬರ್ ಮೊಬೈಲ್‌ನಲ್ಲಿ ಇರಲೇಬೇಕು. ಮಳೆಗಾಲದಲ್ಲಿ ಕರಾವಳಿಯ ಲೈನ್‌ಮ್ಯಾನ್ ಅಂದ್ರೆ ಸೈನಿಕನಿಗೆ ಸಮ, ಅವರಿಗೆ ನನ್ನದೊಂದು ನಮಸ್ಕಾರ. ಯಾರಾದರೂ ತಂತಿಗೆ ಸಿಕ್ಕಿ ಒದ್ದಾಡ್ತಿದ್ದರೆ, ಕರುಳು ಚುರ್ ಅನ್ನುತ್ತೆ ನಿಜ, ಆದರೆ ಲೈನ್ ಬಂದ್ ಮಾಡಿಸದೆ ಕೈ ಹಾಕಬೇಡಿ.

ತೋಡಿನ ನೀರು ನೋಡೋಕೆ ಸಣ್ಣದು. ಪಾದ ಮುಳುಗಿ ಸ್ವಲ್ಪ ಮೇಲೆ ಬರುವಷ್ಟು, ಅಂದ್ರೆ ಅರ್ಧ ಅಡಿ ಹರಿಯೋ ನೀರು ದೊಡ್ಡವರನ್ನೂ ಬೀಳಿಸಬಲ್ಲದು. ಒಂದು ಅಡಿಗೆ ಸಣ್ಣ ಕಾರು ತೇಲೋಕೆ ಶುರುವಾಗುತ್ತೆ, ಎರಡು ಅಡಿ ಹೆಚ್ಚುಕಡಿಮೆ ಯಾವ ಗಾಡಿಯನ್ನೂ ಬಿಡಲ್ಲ. ಶಾಲೆಗೆ ರಜೆ ಬೇಕಾ ಅಂತ ನಗ್ತೀವಲ್ಲ, ಆ ರಜೆಗೆ ಅರ್ಥ ಇರೋದು ಇಲ್ಲೇ. ಶಾಲೆ ಭದ್ರವಾಗಿಯೇ ಇರುತ್ತೆ, ದಾರಿ ಇರಲ್ಲ. ಬೆಳಗ್ಗೆ ದಾಟಿದ ಕಾಲುಸಂಕ ಸಂಜೆಗೆ ನೀರಿನಡಿ ಇರುತ್ತೆ. ಸಂಕ ದಾಟುವ ಮಕ್ಕಳಿಗೆ ಮಳೆಗಾಲದಲ್ಲಿ ದೊಡ್ಡವರೊಬ್ಬರ ಕೈ ಬೇಕು, ನೀರು ಏರಿದ್ದರೆ ಆ ರಾತ್ರಿ ಈಚೆ ದಡದ ಯಾರದಾದರೂ ಮನೆ ಬೇಕು. ಹಳ್ಳಿ ಮೇಷ್ಟ್ರುಗಳಿಗೆ ಇದು ಗೊತ್ತು, ಎಷ್ಟೋ ಜನ ತಮ್ಮ ಮನೆಯಲ್ಲೇ ಇಟ್ಟುಕೊಂಡಿದ್ದಾರೆ. ಕಾಲುಸಂಕ ಇನ್ನೂ ಯಾಕೆ ಇದೆ, ಸೇತುವೆ ಯಾಕೆ ಆಗಿಲ್ಲ ಅಂತ ನಾನು ಕೇಳದೆ ಬಿಡಲ್ಲ, ಅದಕ್ಕೆ ಇನ್ನೊಂದು ದಿನ ಇಡೀ ಒಂದು ಗಂಟೆ ಬೇಕು.

ಮಳೆಗಾಲ ಬಿಟ್ಟರೆ ಕರಾವಳಿ ಆರಾಮ ಅಂದುಕೊಂಡಿದ್ದೆ. ಅದೂ ತಪ್ಪು. ಏಪ್ರಿಲ್, ಮೇನಲ್ಲಿ, ಮತ್ತೆ ಅಕ್ಟೋಬರ್, ನವೆಂಬರ್‌ನಲ್ಲಿ ಮಧ್ಯಾಹ್ನ ಮೇಲೆ ಘಟ್ಟದ ಕಡೆಯಿಂದ ಮೋಡ ಕಟ್ಟುತ್ತೆ, ಸಿಡಿಲು ಬರುತ್ತೆ. ಆ ಹೊತ್ತಿಗೆ ಮನೆ ಮನೆಯಲ್ಲೂ ಏನು ನಡೆಯುತ್ತೆ ಗೊತ್ತಾ? ಅಂಗಳದಲ್ಲಿ ಒಣಗೋಕೆ ಹಾಕಿದ ಅಡಿಕೆ ಒದ್ದೆ ಆಗುತ್ತೆ ಅಂತ ಎಲ್ಲರೂ ಹೊರಗೆ ಓಡ್ತಾರೆ! ಸರಿಯಾಗಿ ಒಳಗಿರಬೇಕಾದ ಹೊತ್ತಿಗೆ ಬಯಲಿನಲ್ಲಿ ಬಗ್ಗಿ ನಿಂತಿರ್ತಾರೆ. ಮಿಂಚು ಕಂಡ ಮೇಲೆ ಗುಡುಗು ಕೇಳೋವರೆಗೆ ಎಣಿಸಿ. ಮೂರು ಸೆಕೆಂಡ್ ಅಂದ್ರೆ ಸುಮಾರು ಒಂದು ಕಿಲೋಮೀಟರ್. ಮೂವತ್ತರ ಒಳಗೆ ಗುಡುಗು ಬಂದರೆ ಸಿಡಿಲು ನಿಮ್ಮ ಅಂಗಳಕ್ಕೆ ಬರಬಹುದಾದಷ್ಟು ಹತ್ತಿರ ಇದೆ, ಅಡಿಕೆ ನೆನೆದರೆ ನೆನೆಯಲಿ. ಕೊನೆಯ ಗುಡುಗಾಗಿ ಅರ್ಧ ಗಂಟೆ ಹೊರಗೆ ಬರಬೇಡಿ. ಮರದಡಿ ಬೇಡ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರದು 'ಸಿಡಿಲು' ಅಂತಲೇ ಒಂದು ಆ್ಯಪ್ ಇದೆ, ಪುಣೆಯ ಸಂಸ್ಥೆಯವರದು 'ದಾಮಿನಿ', ಎರಡೂ ಹತ್ತಿರ ಬರ್ತಿರೋ ಸಿಡಿಲನ್ನ ತಿಳಿಸುತ್ತವೆ. ಮತ್ತೆ ಇದನ್ನ ಎಲ್ಲರಿಗೂ ಹೇಳಿ: ಸಿಡಿಲು ಬಡಿದವರ ಮೈಯಲ್ಲಿ ಕರೆಂಟ್ ಉಳಿದಿರಲ್ಲ. ಮುಟ್ಟಬಹುದು, ಮುಟ್ಟಬೇಕು. ಉಸಿರು ನಿಂತಿದ್ದರೆ ಎದೆ ಒತ್ತಿ, 108ಕ್ಕೆ ಕರೆ ಮಾಡಿ. ಹೆದರಿ ದೂರ ನಿಂತಿದ್ದಕ್ಕೇ ಹೋದ ಜೀವ ಎಷ್ಟೋ.

ಸೆಕೆ ಇನ್ನೊಂದು. ಕಲಬುರಗಿಯವರು ನಗಬಹುದು, "ಮಂಗಳೂರಾಗ 36 ಡಿಗ್ರಿಗೇ ಇವರು ಒದರ್ತಾರಲ್ರೀ" ಅಂತ. ಆದರೆ ಹವಾಮಾನ ಇಲಾಖೆಯೇ ಬಯಲಿಗೆ 40 ಡಿಗ್ರಿ ಇಟ್ಟರೆ ಕರಾವಳಿಗೆ 37 ಇಟ್ಟಿದೆ. ಅಷ್ಟು ಮುಟ್ಟಬೇಕು, ಮಾಮೂಲಿಗಿಂತ ನಾಲ್ಕೂವರೆ ಡಿಗ್ರಿ ಹೆಚ್ಚೂ ಇರಬೇಕು, ಆಗ ಉಷ್ಣ ಅಲೆ ಅಂತ ಹೇಳ್ತಾರೆ. ಕಾರಣ ಬೆವರು. ಬೆವರು ಆರಿದರೆ ಮೈ ತಣ್ಣಗಾಗುತ್ತೆ. ಕಡಲ ತೀರದ ಗಾಳಿಯಲ್ಲಿ ಆಗಲೇ ನೀರು ತುಂಬಿರುತ್ತೆ, ಬೆವರು ಆರಲ್ಲ, ಸುಮ್ಮನೆ ಇಳಿಯುತ್ತೆ. 34 ಡಿಗ್ರಿ, ಶೇಕಡ 70 ತೇವಾಂಶ ಇದ್ದರೆ ಮೈಗೆ ಅದು 45 ಡಿಗ್ರಿ ದಾಟಿದ ಹಾಗೆ. 2025ರ ಫೆಬ್ರವರಿ ಕೊನೆಯಲ್ಲೇ, ಚಳಿಗಾಲ ಅಂತ ಕರೆಯೋ ತಿಂಗಳಲ್ಲೇ, ಕರಾವಳಿಗೆ ಉಷ್ಣ ಅಲೆಯ ಎಚ್ಚರಿಕೆ ಬಂತು. ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಗದ್ದೆ, ಕಟ್ಟಡದ ಕೆಲಸ ನಿಲ್ಲಿಸಿ. ಕುಡಿಯೋಕೆ ಬೊಂಡ, ಮಜ್ಜಿಗೆ, ಪುನರ್ಪುಳಿ ಶರಬತ್ತು. ಅಜ್ಜಿಯರು ಕೊಡ್ತಿದ್ದ ಉಪ್ಪು ಹಾಕಿದ ಕುಚ್ಚಲಕ್ಕಿ ಗಂಜಿತಿಳಿ ಇದೆಯಲ್ಲ, ಅದಕ್ಕಿಂತ ಒಳ್ಳೇದು ಯಾವುದಿದೆ? ಯಾರಾದರೂ ಬಿಸಿಲಲ್ಲಿ ತೊದಲೋಕೆ, ತಡಬಡಾಯಿಸೋಕೆ ಶುರು ಮಾಡಿದರೆ ಅದು ಸುಸ್ತಲ್ಲ. ನೆರಳಿಗೆ ತಂದು ಮೈಮೇಲೆ ನೀರು ಸುರಿಯುತ್ತಾ, ಗಾಳಿ ಹಾಕುತ್ತಾ 108ಕ್ಕೆ ಕರೆ ಮಾಡಿ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬೇಡಿ.

ಕಡಲಿನ ಮಾತು ಕಡಲಿನವರಿಗೆ ನಾನು ಹೇಳಿಕೊಡೋ ಹಾಗಿಲ್ಲ. ಜೂನ್, ಜುಲೈನಲ್ಲಿ ಯಾಂತ್ರಿಕ ಮೀನುಗಾರಿಕೆಗೆ ರಜೆ ಯಾಕೆ ಅಂತ ಅವರಿಗೆ ಗೊತ್ತು, ಕರಾವಳಿ ಕಾವಲು ಪಡೆಯ 1554 ಕೂಡ ಗೊತ್ತು. ಗೊತ್ತಿಲ್ಲದೋರು ನಾವು, ಘಟ್ಟದ ಮೇಲಿನವರು. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರಕ್ಕೆ ಪ್ರವಾಸ ಹೋದ ಕೋಲಾರ ಜಿಲ್ಲೆಯ ನಾಲ್ಕು ಶಾಲಾ ಹುಡುಗಿಯರು ನೀರುಪಾಲಾದರು. ಡಿಸೆಂಬರ್ ಅಂದ್ರೆ ಮಳೆಗಾಲವಲ್ಲ! ದಡಕ್ಕೆ ಬಂದ ಅಲೆಯ ನೀರು ವಾಪಸ್ ಹೋಗೋಕೆ ಒಂದು ಓಣಿ ಮಾಡಿಕೊಂಡಿರುತ್ತೆ. ಅಲ್ಲಿ ಅಲೆ ಕಡಿಮೆ, ಶಾಂತವಾಗಿ ಕಾಣುತ್ತೆ, ಅದಕ್ಕೇ ಜನ ಅಲ್ಲೇ ಇಳೀತಾರೆ. ಸೆಳೆತಕ್ಕೆ ಸಿಕ್ಕರೆ ದಡದ ಕಡೆ ಈಜಬೇಡಿ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಓಣಿಯಿಂದ ಹೊರಬನ್ನಿ. ಜೀವರಕ್ಷಕ ಪೀಪಿ ಊದಿದರೆ ಅವನ ಜೊತೆ ವಾದಕ್ಕೆ ನಿಲ್ಲಬೇಡಿ.

ಇನ್ನು ನನ್ನ ಹೊಟ್ಟೆಪಾಡಿಗೇ ಕಲ್ಲು ಹಾಕೋ ಮಾತೊಂದಿದೆ. ನಿಮಗೆ ನಾನು ಅತಿ ಹೆಚ್ಚು ಬೇಕಾದ ಹೊತ್ತಿಗೆ ನಾನು ನಿಮ್ಮ ಮನೆಯಲ್ಲಿ ಇರಲ್ಲ. ಯಾಕಂದ್ರೆ ಗಾಳಿ ಮಳೆಗೆ ಮೊದಲು ಹೋಗೋದು ಕರೆಂಟ್, ಕರೆಂಟ್ ಹೋದರೆ ಟಿವಿ ಬಂದ್. ಸಿಡಿಲು ಬಂದರೆ ನೀವೇ ಪ್ಲಗ್ ಕಿತ್ತಿರ್ತೀರಿ, ಕೀಳಲೇಬೇಕು. ಕೆಲವು ಗಂಟೆ ಕರೆಂಟ್ ಇಲ್ಲದಿದ್ದರೆ ಮೊಬೈಲ್ ಟವರೂ ಸುಮ್ಮನಾಗುತ್ತೆ. ಅದಕ್ಕೇ ಸೆಲ್ ಹಾಕೋ ಒಂದು ಸಣ್ಣ ರೇಡಿಯೋ ಇಟ್ಟುಕೊಳ್ಳಿ. ಮಂಗಳೂರು ಆಕಾಶವಾಣಿ 100.3ರಲ್ಲಿ ಬರುತ್ತೆ. ಟಿವಿಯವನೇ ರೇಡಿಯೋ ಇಟ್ಟುಕೊಳ್ಳಿ ಅನ್ನೋದು ನೋಡಿ ನಮ್ಮ ಮಾರ್ಕೆಟಿಂಗ್‌ನವರು ಏನಂತಾರೋ.

ಜೊತೆಗೆ ಒಂದು ಚೀಲ. ಟಾರ್ಚ್, ಸೆಲ್, ಪ್ಲಾಸ್ಟಿಕ್‌ನಲ್ಲಿ ಸುತ್ತಿದ ಬೆಂಕಿಪೊಟ್ಟಣ, ದಿನಾ ತಗೊಳ್ಳೋ ಮಾತ್ರೆ ಒಂದು ವಾರದ್ದು, ಆಧಾರ್, ರೇಷನ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್, ಪಹಣಿ ಪ್ರತಿ, ಸ್ವಲ್ಪ ಚಿಲ್ಲರೆ ದುಡ್ಡು. ಫೋನ್‌ಪೇ ನಂಬಿಕೊಂಡು ಕೂತರೆ ನೆಟ್ ಇರಲ್ಲ. ಒಂದು ಕಾಗದದಲ್ಲಿ ನಂಬರ್‌ಗಳು: 112, ಜಿಲ್ಲಾ ಕಂಟ್ರೋಲ್ ರೂಮಿನ 1077, ಪಂಚಾಯಿತಿ, ಲೈನ್‌ಮ್ಯಾನ್, ಆ ಭದ್ರವಾದ ಮನೆಯವರದು. ನಿಮ್ಮ ಹೋಬಳಿಯಲ್ಲಿ ಮಳೆ ಹೇಗಿದೆ ಅಂತ ಕೇಳೋಕೆ ವರುಣಮಿತ್ರ ಅಂತ ಸಹಾಯವಾಣಿ ಇದೆ, 92433 45433.

ನೀರು ಇಳಿದ ಮೇಲೂ ಮುಗಿಯಲ್ಲ. ಬಾವಿಗೆ ಹೊರಗಿನ ನೀರು ನುಗ್ಗಿದ್ದರೆ ಆ ನೀರನ್ನ ಹಾಗೇ ಕುಡೀಬೇಡಿ, ಆರೋಗ್ಯ ಕಾರ್ಯಕರ್ತೆಯರನ್ನ ಕೇಳಿ ಬ್ಲೀಚಿಂಗ್ ಪೌಡರ್ ಹಾಕಿಸಿ, ಕುದಿಸಿ ಕುಡಿಯಿರಿ. ಕೆಸರು ನೀರಿನಲ್ಲಿ ಓಡಾಡಿದ ಮೇಲೆ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪು ಬಂದರೆ ಇಲಿಜ್ವರ ಇರಬಹುದು. ಮೆಡಿಕಲ್ ಶಾಪಿನ ಮಾತ್ರೆ ನುಂಗಿ ಮಲಗದೆ ಡಾಕ್ಟರ್ ಹತ್ತಿರ ಹೋಗಿ, ನೀರಿನಲ್ಲಿ ಇಳಿದಿದ್ದೆ ಅಂತ ಬಾಯಿಬಿಟ್ಟು ಹೇಳಿ. ಬೇಗ ಗೊತ್ತಾದರೆ ಗುಣವಾಗೋ ಕಾಯಿಲೆ ಅದು.

ಈ ಕಾರ್ಯಕ್ರಮಕ್ಕೆ ಮೊದಲು ಆ ಅಜ್ಜಿಗೆ ಮತ್ತೆ ಫೋನ್ ಮಾಡಿದೆ. ಧರೆಯ ನೀರು ಈಚೆ ಬರದ ಹಾಗೆ ಮೇಲೆ ಒಂದು ಕಣಿ ತೋಡಿಸಿದ್ದಾರಂತೆ. ಮೂರು ಆಳಿನ ಕೂಲಿ ಆಯ್ತಂತೆ, ಅದು ಜಾಸ್ತಿಯಾಯ್ತು ಅಂತ ಇನ್ನೂ ಸಿಟ್ಟಿದೆ. ಮಳೆ ಜೋರಾದರೆ ಪಕ್ಕದ ಮನೆಗೆ ಹೋಗೋದು ಅಂತ ಮಾತಾಗಿದೆ, ಮೊಮ್ಮಗಳ ಶಾಲೆ ಚೀಲದ ಪಕ್ಕದಲ್ಲೇ ಇನ್ನೊಂದು ಚೀಲ ನೇತಾಡ್ತಿದೆ.

"ಹಿಂದಿನ ಕೋಣೆಯಲ್ಲಿ ಮಲಗ್ತಾ ಇಲ್ಲ ತಾನೇ ಅಮ್ಮ?" ಅಂತ ಕೇಳಿದೆ.

"ಇಲ್ಲ ಮಗಾ. ಅಲ್ಲಿ ತೆಂಗಿನಕಾಯಿ ರಾಶಿ ಹಾಕಿದ್ದೇನೆ" ಅಂದರು.